ಹೃದಯಸ್ನಾಯುವಿನ ಆನುವಂಶಿಕ ರೋಗವೂ ವ್ಯಕ್ತಿಗನುಗುಣವಾದ ಚಿಕಿತ್ಸೆಯೂ: ಒಂದು ವಿಮರ್ಶೆ

ವೈದ್ಯಶಾಸ್ತ್ರದಲ್ಲಿ ಈಚಿನ ವರ್ಷಗಳಲ್ಲಿ ಬಹುವಾಗಿ ಕೇಳಿಬರುತ್ತಿರುವ ಮಾತುಗಳಲ್ಲಿ 'ವ್ಯಕ್ತಿಗನುಗುಣವಾದ ಚಿಕಿತ್ಸೆ' ಎಂಬುದು ಒಂದು. ರೋಗದ ಹೆಸರನ್ನು ನೋಡಿ ಮದ್ದು ಕೊಡುವುದು ಸಾಲದು, ರೋಗಿಯ ಮೈಗುಣವನ್ನೂ ಆತನ ಹುಟ್ಟಿನ ಜೀನುಗಳನ್ನೂ ನೋಡಿ ಕೊಡಬೇಕು ಎಂಬುದು ಇದರ ಸಾರ. ಆನುವಂಶಿಕವಾಗಿ ಬರುವ ಹೃದಯಸ್ನಾಯುವಿನ ರೋಗಗಳ ವಿಷಯದಲ್ಲಿ ಈ ಮಾತು ಹೆಚ್ಚಾಗಿ ಬಳಕೆಗೆ ಬಂದಿದೆ. ಇದರಲ್ಲಿ ಎಷ್ಟು ಭಾಗ ಸಿದ್ಧವಾದ ಜ್ಞಾನ, ಎಷ್ಟು ಭಾಗ ಬರಿಯ ಆಶೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಔಷಧದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲವೆಂಬುದು ನಿರ್ವಿವಾದ. ಆದರೆ ಈ ಸಂಶೋಧನೆಗಳು ಆಧರಿಸಿರುವ ಸಾಮಗ್ರಿ ಯಾವುದು? ವಂಶ, ಕುಲ, ವಲಸೆ, ಮದುವೆಯ ಕಟ್ಟುಪಾಡು, ಸಹಸ್ರಾರು ವರ್ಷಗಳ ಕಾಲಗಣನೆ. ಇವೆಲ್ಲವೂ ನಮ್ಮ ಶಾಸ್ತ್ರದ ಪರಿಧಿಯೊಳಗಿನವು. ಸಾಕ್ಷ್ಯವನ್ನು ತೂಗಿ ನೋಡುವ ಕ್ರಮ ಶಾಸನಕ್ಕೆ ಒಂದು, ಜೀನಿಗೆ ಮತ್ತೊಂದು ಎಂದಿಲ್ಲ.

೧

ಮೊದಲು ರೋಗದ ಸ್ವರೂಪವನ್ನು ಸಂಗ್ರಹವಾಗಿ ಹೇಳುವೆವು. ಹೃದಯವು ಒಂದು ಸ್ನಾಯು. ಆ ಸ್ನಾಯುವೇ ಕೆಡುವ ರೋಗಗಳಿಗೆ ಒಟ್ಟಾಗಿ ಕಾರ್ಡಿಯೋಮಯೋಪತಿ ಎಂದು ಹೆಸರು. ಇವುಗಳಲ್ಲಿ ಎರಡು ಮುಖ್ಯವಾದುವು. ರಕ್ತದೊತ್ತಡವೇ ಮೊದಲಾದ ಹೊರಗಣ ಕಾರಣವಿಲ್ಲದೆ ಹೃದಯದ ಗೋಡೆ ದಪ್ಪವಾಗುವುದು ಒಂದು; ಇದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಹೃದಯದ ಕೋಣೆ ಹಿಗ್ಗಿ ಬಲಗುಂದುವುದು ಇನ್ನೊಂದು. ಇದು ಡೈಲೇಟೆಡ್ ಕಾರ್ಡಿಯೋಮಯೋಪತಿ. ಮೊದಲನೆಯದು ಸುಮಾರು ೫೦೦ ಮಂದಿಯಲ್ಲಿ ಒಬ್ಬರಿಗಿರುವುದೆಂದು ೧೯೯೫ರಲ್ಲಿ ಅಮೆರಿಕದ ಒಂದು ಸಮೀಕ್ಷೆ ಎಣಿಸಿತು. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಆದರೆ ದೋಷವಿದ್ದವರೆಲ್ಲರೂ ರೋಗಿಗಳಾಗುವುದಿಲ್ಲ. ಒಂದೇ ಮನೆಯಲ್ಲಿ ಅಣ್ಣನು ಇಪ್ಪತ್ತರಲ್ಲಿ ಕುಸಿದು ಬಿದ್ದರೆ ತಂಗಿಯು ಎಂಬತ್ತರವರೆಗೆ ಸುಖವಾಗಿ ಬಾಳಬಹುದು.

ನಮ್ಮ ಜನರ ಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಹಠಾತ್ತಾದ ಮರಣಗಳೆಲ್ಲಕ್ಕೂ 'ಹೃದಯಾಘಾತ' ಎಂಬ ಒಂದೇ ಹೆಸರು. ರಕ್ತನಾಳ ಕಟ್ಟಿಕೊಂಡು ಆಗುವ ಆಘಾತ ಬೇರೆ, ಸ್ನಾಯುದೋಷದಿಂದ ಲಯ ತಪ್ಪಿ ಹೃದಯ ನಿಲ್ಲುವುದು ಬೇರೆ. ಮೊದಲನೆಯದರಲ್ಲಿ ಮನೆಯವರ ಊಟ, ಹೊಗೆಸೊಪ್ಪು, ಸಕ್ಕರೆಕಾಯಿಲೆಗಳನ್ನು ವಿಚಾರಿಸಬೇಕು; ಎರಡನೆಯದರಲ್ಲಿ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕೂಡಲೆ ಪರೀಕ್ಷೆಗೆ ಕರೆತರಬೇಕು. ಎರಡಕ್ಕೂ ಒಂದೇ ಹೆಸರಿಟ್ಟುದರಿಂದ ಎರಡನೆಯ ಕರ್ತವ್ಯವು ಮರೆತುಹೋಗುವುದು. ಈ ದೃಷ್ಟಿಯಿಂದ ನೋಡಿದರೆ ಶಬ್ದಾರ್ಥದ ಈ ಗೊಂದಲವು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಈ ರೋಗದ ಚರಿತ್ರೆ ದೀರ್ಘವಾದುದಲ್ಲ. ೧೯೫೮ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್ ಎಂಬವರು ಕೆಲವರು ತರುಣರ ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಗೋಡೆ ಒಂದು ಕಡೆ ಅತಿಯಾಗಿ ದಪ್ಪವಾಗಿದ್ದುದನ್ನು ವರ್ಣಿಸಿದರು. ೧೯೬೧ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ದೊಡ್ಡ ಕುಟುಂಬದ ಹಲವು ತಲೆಮಾರುಗಳ ವೃತ್ತಾಂತ ಪ್ರಕಟವಾಯಿತು. ಅದೇ ಕುಟುಂಬದ ಸಾಮಗ್ರಿಯಿಂದ ೧೯೯೦ರಲ್ಲಿ ಕ್ರಿಸ್ಟೀನ್ ಸೈಡ್‌ಮನ್, ಜೊನಾಥನ್ ಸೈಡ್‌ಮನ್ ದಂಪತಿಗಳ ತಂಡವು ಮಯೋಸಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಮೊದಲ ದೋಷವನ್ನು ಗುರುತಿಸಿತು. ೧೯೯೫ರಲ್ಲಿ ಮಯೋಸಿನ್ನಿಗೆ ಅಂಟಿಕೊಂಡಿರುವ ಇನ್ನೊಂದು ಪ್ರೋಟೀನಿನ ಜೀನೂ ಇದಕ್ಕೆ ಕಾರಣವೆಂದು ತಿಳಿಯಿತು. ಅದರ ಹೆಸರು ಎಂ.ವೈ.ಬಿ.ಪಿ.ಸಿ.೩. ನಮ್ಮ ವಿಮರ್ಶೆಗೆ ಮುಖ್ಯವಾದುದು ಇದೇ. ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು: ಜೀನು ಕಾಣುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ವಂಶವೃಕ್ಷವು ಸಿದ್ಧವಾಗಿತ್ತು.

೨

ಎಂ.ವೈ.ಬಿ.ಪಿ.ಸಿ.೩ ಜೀನಿನ ಒಂದು ಭಾಗದಲ್ಲಿ ೨೫ ಅಕ್ಷರಗಳು ಲೋಪವಾಗಿರುವುದನ್ನು ೨೦೦೩ರಲ್ಲಿ ಪ್ರಕಟವಾದ ಒಂದು ಲೇಖನವು ಭಾರತೀಯ ಕುಟುಂಬಗಳಲ್ಲಿ ತೋರಿಸಿತು. ೨೦೦೯ರಲ್ಲಿ ಪೆರುಂದುರೈ ದಂಡಪಾಣಿ, ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಕೆ. ತಂಗರಾಜ್ ಮೊದಲಾದವರು 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಅವರ ನಿರ್ಣಯಗಳು ಎರಡು. ಭಾರತ ಉಪಖಂಡದ ಮೂಲದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಈ ಲೋಪವುಂಟು. ಇದುಳ್ಳವರಿಗೆ ಹೃದಯವೈಫಲ್ಯದ ಸಂಭವ ಇತರರಿಗಿಂತ ಸುಮಾರು ಏಳು ಪಟ್ಟು ಹೆಚ್ಚು. ಈ ಲೋಪವು ಸುಮಾರು ೩೦,೦೦೦ ವರ್ಷಗಳ ಹಿಂದೆ ಹುಟ್ಟಿದುದೆಂಬ ಎಣಿಕೆಯೂ ಬಂದಿತು. ಹರೆಯದಲ್ಲಿ ಕೊಲ್ಲದೆ, ಮಕ್ಕಳುಮರಿಗಳಾದ ಮೇಲೆ ಕಾಡುವುದರಿಂದಲೇ ಇದು ಅಳಿಯದೆ ಉಳಿದು ಬಂದಿರಬೇಕೆಂದು ವಿವರಣೆ ನೀಡಲಾಯಿತು. ನೂರಕ್ಕೆ ನಾಲ್ಕೆಂಬುದನ್ನು ಉಪಖಂಡದ ಜನಸಂಖ್ಯೆಗೆ ಗುಣಿಸಿದರೆ ಆರು ಕೋಟಿಗೂ ಮೇಲಾಗುವುದು. ಪತ್ರಿಕೆಗಳು ಇದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿದುದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಘಟ್ಟ ೨೦೧೮ರದು. ಅಮೆರಿಕದಲ್ಲಿ ನೆಲಸಿದ ದಕ್ಷಿಣ ಏಷ್ಯಾದವರನ್ನು ಪರೀಕ್ಷಿಸಿದ ಒಂದು ತಂಡವು ೨೫ ಅಕ್ಷರಗಳ ಲೋಪವುಳ್ಳವರೆಲ್ಲರೂ ಒಂದೇ ಬಗೆಯವರಲ್ಲವೆಂದೂ, ಅವರಲ್ಲಿ ಕೆಲವರಿಗೆ ಮಾತ್ರ ಅದೇ ಜೀನಿನಲ್ಲಿ ಮತ್ತೊಂದು ವ್ಯತ್ಯಾಸವಿರುವುದೆಂದೂ, ಹೃದಯದ ಬಡಿತದಲ್ಲಿ ವಿಕಾರ ಕಂಡುದು ಆ ಕೆಲವರಲ್ಲಿಯೇ ಎಂದೂ ತಿಳಿಸಿತು. ೨೦೨೦ರಲ್ಲಿ ಆಕ್ಸ್‌ಫರ್ಡಿನ ಹ್ಯೂ ವಾಟ್ಕಿನ್ಸ್ ಮೊದಲಾದವರು ೫,೩೯೩ ಮಂದಿ ಹೈಪರ್‌ಟ್ರೋಫಿಕ್ ರೋಗಿಗಳ ಜೀನುಗಳನ್ನು ಪರೀಕ್ಷಿಸಿ ಇನ್ನೂ ಖಚಿತವಾದ ತೀರ್ಮಾನಕ್ಕೆ ಬಂದರು. ಲೋಪವುಳ್ಳವರಲ್ಲಿ ಒಂದು ಸಣ್ಣ ಗುಂಪಿಗೆ ಅದೇ ಜೀನಿನ ಬೇರೊಂದು ಸ್ಥಾನದಲ್ಲಿ ಒಂದೇ ಒಂದು ಅಕ್ಷರದ ಪಲ್ಲಟವಿದೆ. ಆ ಸ್ಥಾನವನ್ನು ಸಾಮಾನ್ಯ ಪರೀಕ್ಷೆಗಳು ನೋಡುವುದೇ ಇಲ್ಲ. ರೋಗಕ್ಕೆ ಕಾರಣ ಆ ಪಲ್ಲಟ. ಬರಿಯ ೨೫ ಅಕ್ಷರಗಳ ಲೋಪವುಳ್ಳವರಿಗೆ ಹೈಪರ್‌ಟ್ರೋಫಿಕ್ ರೋಗದ ಅಪಾಯ ಇತರರಿಗಿಂತ ಹೆಚ್ಚಿಲ್ಲ.

ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಇದು ಪರಿಚಿತವಾದ ಸಂಗತಿ. ಒಬ್ಬ ಲಿಪಿಕಾರನು ಒಂದು ಗರಿಯಲ್ಲಿ ಒಂದು ಸಾಲನ್ನು ಬಿಟ್ಟನೆಂದು ಭಾವಿಸೋಣ. ಆ ಸಾಲಿಲ್ಲದಿದ್ದರೂ ಗ್ರಂಥದ ಅರ್ಥ ಕೆಡದು. ಅವನ ಪ್ರತಿಯಿಂದ ನೂರಾರು ಪ್ರತಿಗಳು ಹುಟ್ಟಿದುವು. ಎಲ್ಲದರಲ್ಲಿಯೂ ಆ ಸಾಲು ಲೋಪವಾಗಿದೆ. ಬಹುಕಾಲದ ಮೇಲೆ ಆ ಶಾಖೆಯ ಒಂದು ಪ್ರತಿಯಲ್ಲಿ ಇನ್ನೊಬ್ಬ ಲಿಪಿಕಾರನು ಬೇರೊಂದು ಗರಿಯಲ್ಲಿ ಒಂದಕ್ಷರ ತಪ್ಪಿ ಬರೆದನು. ಆ ತಪ್ಪಿನಿಂದ ಅರ್ಥವೇ ಬುಡಮೇಲಾಯಿತು. ಅರ್ಥಗೆಟ್ಟ ಪ್ರತಿಗಳನ್ನೆಲ್ಲ ಕೂಡಿಸಿ ನೋಡಿದ ವಿದ್ವಾಂಸರಿಗೆ ಮೊದಲು ಕಣ್ಣಿಗೆ ಬೀಳುವುದು ಬಿಟ್ಟುಹೋದ ಸಾಲು. ಅದು ಶಾಖೆಯ ಗುರುತೇ ಹೊರತು ಅನರ್ಥದ ಮೂಲವಲ್ಲ. ೨೦೦೯ರಲ್ಲಿ ಕಂಡುದು ಶಾಖೆ; ೨೦೨೦ರಲ್ಲಿ ಕಂಡುದು ತಪ್ಪು.

ಹೀಗೆ ಹೇಳುವುದರಿಂದ ಮೊದಲನೆಯ ಸಂಶೋಧಕರ ಶ್ರಮವನ್ನು ನಾವು ಅಲ್ಲಗಳೆಯುತ್ತಿಲ್ಲ. ಶಾಖೆಯನ್ನು ಗುರುತಿಸದೆ ತಪ್ಪನ್ನು ಹಿಡಿಯುವುದು ಕಷ್ಟ. ಎರಡನೆಯವರ ತೀರ್ಮಾನಕ್ಕೂ ಮಿತಿಯುಂಟು. ಅದು ಹೈಪರ್‌ಟ್ರೋಫಿಕ್ ರೋಗವೊಂದನ್ನೇ ಕುರಿತದ್ದು. ೨೦೦೯ರ ಲೇಖನವು ಹೃದಯವೈಫಲ್ಯವನ್ನು ಒಟ್ಟಾಗಿ ಪರಿಗಣಿಸಿತ್ತು, ಜೀವಕೋಶಗಳ ರಚನೆ ಕೆಡುವುದನ್ನು ಪ್ರಯೋಗಶಾಲೆಯಲ್ಲಿಯೂ ತೋರಿಸಿತ್ತು. ಆದಕಾರಣ ಒಂದು ಲೇಖನವು ಇನ್ನೊಂದನ್ನು ಸಂಪೂರ್ಣವಾಗಿ ಖಂಡಿಸಿತೆಂದು ಹೇಳುವುದು ಅವಸರದ ಮಾತು. ಆದರೆ ಬರಿಯ ಲೋಪವನ್ನು ಪರೀಕ್ಷಿಸಿ 'ನಿಮಗೆ ರೋಗ ಬರುವುದು' ಎಂದು ಹೇಳುವ ಪದ್ಧತಿಗೆ ಆಧಾರವಿಲ್ಲವೆಂಬುದು ಸ್ಪಷ್ಟ.

೩

ಇದರಿಂದ ಯಾರಿಗೆ ಏನಾಗುವುದು? ಬೆಂಗಳೂರಿನ ಹಳೆಯ ಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಾಮೂಲ್‌ಪೇಟೆಯ ಇಕ್ಕಟ್ಟಾದ ಬೀದಿ. ಕೆಳಗೆ ಅಂಗಡಿ, ಮೇಲೆ ಮನೆ. ಮೂರು ತಲೆಮಾರುಗಳ ಸಂಸಾರ. ಮಗಳಿಗೆ ಸಂಬಂಧ ಗೊತ್ತಾಗಿದೆ. ಯಾವುದೋ ಪರೀಕ್ಷೆಯ ವರದಿಯಲ್ಲಿ ಆಕೆಗೆ ೨೫ ಅಕ್ಷರಗಳ ಲೋಪವಿದೆಯೆಂದು ಬಂದಿದೆ. ೨೦೦೯ರ ಲೇಖನವೊಂದನ್ನೇ ಓದಿದ ವೈದ್ಯರು ಏಳು ಪಟ್ಟು ಅಪಾಯವೆಂದು ಹೇಳುವರು; ಸಂಬಂಧ ಮುರಿಯುವುದು; ಆಕೆಯ ತಂಗಿಯರಿಗೂ ಆ ಮಾತು ಅಂಟಿಕೊಳ್ಳುವುದು. ೨೦೨೦ರ ಲೇಖನವನ್ನೂ ಓದಿದ ವೈದ್ಯರು ಇನ್ನೊಂದು ಸ್ಥಾನವನ್ನು ಪರೀಕ್ಷಿಸಿ, ಅಲ್ಲಿ ಪಲ್ಲಟವಿಲ್ಲದಿದ್ದರೆ, ಈ ಲೋಪದ ಕಾರಣದಿಂದ ಭಯಪಡಬೇಕಾಗಿಲ್ಲವೆಂದು ಹೇಳಿ ಕಳುಹಿಸುವರು. ಪಲ್ಲಟವಿದ್ದರೆ ಆಕೆಗೆ ಎಕೋ ಪರೀಕ್ಷೆ, ಕಾಲಕಾಲಕ್ಕೆ ತಪಾಸಣೆ, ಒಡಹುಟ್ಟಿದವರಿಗೂ ಪರೀಕ್ಷೆ. ಒಂದೇ ರಕ್ತ, ಒಂದೇ ವರದಿ. ಓದಿನ ವ್ಯತ್ಯಾಸದಿಂದ ಬಾಳಿನ ವ್ಯತ್ಯಾಸ.

'ದಕ್ಷಿಣ ಏಷ್ಯಾದವರು', 'ಭಾರತೀಯರು', 'ಇಂಥ ಜಾತಿಯವರು' ಎಂಬ ಹೆಸರುಗಳು ಜನಸಮೂಹದ ಚರಿತ್ರೆಯನ್ನು ತಿಳಿಯುವುದಕ್ಕೆ ಉಪಯುಕ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ೨೦೨೦ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆಯು ೮೩ ಸಮುದಾಯಗಳಿಂದ ಸುಮಾರು ಹತ್ತು ಸಾವಿರ ಮಂದಿಯ ಜೀನುಗಳನ್ನು ಓದಿತು. ಯೂರೋಪಿನವರ ಜೀನುಗಳನ್ನೇ ಅಳತೆಗೋಲಾಗಿಟ್ಟುಕೊಂಡ ಪಟ್ಟಿಗಳಲ್ಲಿ ನಮ್ಮವರ ಸಹಜ ವ್ಯತ್ಯಾಸಗಳೂ ರೋಗಗಳಂತೆ ಕಾಣುವ ಅಪಾಯವಿತ್ತು. ಈ ಯೋಜನೆಯು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು. ಆದರೆ ಸಮುದಾಯದ ಸರಾಸರಿಯು ಒಬ್ಬ ರೋಗಿಯ ನಿದಾನವಾಗಲಾರದು. ಜಾತಿಯ ಹೆಸರನ್ನು ಕೇಳಿ ಚಿಕಿತ್ಸೆಯನ್ನು ಊಹಿಸಿದರೆ ಅದು ವ್ಯಕ್ತಿಗನುಗುಣವಾದ ಚಿಕಿತ್ಸೆಯ ನೇರ ವಿರುದ್ಧ.

ವ್ಯಕ್ತಿಗೂ ಸಮುದಾಯಕ್ಕೂ ನಡುವೆ ಇರುವುದು ಕುಟುಂಬ. ಈ ರೋಗದಲ್ಲಿ ಸತ್ಯಕ್ಕೆ ಹತ್ತಿರವಾದ ಸಾಕ್ಷಿಯೂ ಅದೇ. ನಮ್ಮ ನಾಡಿನಲ್ಲಿ ವಂಶಾವಳಿಗೆ ಕೊರತೆಯಿಲ್ಲ. ಒಕ್ಕಲು ಮನೆತನಗಳಿಗೆ ಕಾಲಕಾಲಕ್ಕೆ ಬಂದು, ಹಿರಿಯರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು ಹೋಗುವ ಹೆಳವರ ಪರಂಪರೆಯನ್ನು ವಾಚಕರು ಬಲ್ಲರು. ಆದರೆ ಈ ವಂಶಾವಳಿಗಳಲ್ಲಿಯೂ, ನಮ್ಮ ತಾಮ್ರಶಾಸನಗಳ ರಾಜವಂಶಗಳಲ್ಲಿಯೂ ಒಂದೇ ನ್ಯೂನತೆ: ಅವು ಹೆಚ್ಚಾಗಿ ತಂದೆಯಿಂದ ಮಗನಿಗೆ ಇಳಿಯುವುವು. ಕೊಟ್ಟ ಹೆಣ್ಣುಮಕ್ಕಳ ಸಂತತಿಯು ಅಲ್ಲಿ ಕಾಣದು. ಸತ್ತವರ ವಯಸ್ಸೂ ಸಾವಿನ ಬಗೆಯೂ ಕಾಣವು. ರೋಗವಾದರೋ ಗಂಡು ಹೆಣ್ಣೆಂಬ ಭೇದವಿಲ್ಲದೆ ಇಳಿಯುವುದು. ಆದುದರಿಂದ ನಮ್ಮ ವಂಶವೃಕ್ಷಗಳಲ್ಲಿ ವೈದ್ಯರಿಗೆ ಬೇಕಾದ ಅರ್ಧ ಮರವೇ ಇಲ್ಲ.

ಮದುವೆಯ ವಿಷಯವೂ ಹೀಗೆಯೇ. ಸಗೋತ್ರ ವಿವಾಹ ನಿಷಿದ್ಧವಾದುದರಿಂದ ರಕ್ತದೋಷಗಳು ದೂರವಾದುವೆಂದು ಹಲವರು ನಂಬಿರುವರು. ಗೋತ್ರವು ತಂದೆಯ ಕಡೆಯನ್ನು ಮಾತ್ರ ಲೆಕ್ಕಿಸುವುದು. ಸೋದರಮಾವನಿಗೂ ಅಕ್ಕನ ಮಗಳಿಗೂ ಗೋತ್ರ ಬೇರೆ. ಆದರೆ ಜೀನುಗಳಲ್ಲಿ ನಾಲ್ಕನೆಯ ಒಂದು ಪಾಲು ಸಮಾನ. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ತಂದೆತಾಯಿಗಳ ಮದುವೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದೊಳಗಿನವೆಂದು ಕಂಡುಬಂದಿತು. ದೋಷವುಳ್ಳ ಜೀನು ಎರಡು ಕಡೆಯಿಂದಲೂ ಬಂದರೆ ರೋಗವು ಶೈಶವದಲ್ಲಿಯೇ ತೀವ್ರವಾಗುವುದೆಂಬುದಕ್ಕೆ ಎಂ.ವೈ.ಬಿ.ಪಿ.ಸಿ.೩ ಜೀನಿನದೇ ನಿದರ್ಶನವುಂಟು. ಅಮೆರಿಕದ ಆಮಿಷ್ ಪಂಗಡದ ಶಿಶುಗಳಲ್ಲಿ ಇದನ್ನು ೨೦೦೮ರಲ್ಲಿ ವರ್ಣಿಸಿರುವರು. ಸಂಪ್ರದಾಯವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣವಾಗಿದ್ದರೆ ಒಳಸಂಬಂಧಕ್ಕೆ ಮುನ್ನ ತಪಾಸಣೆಯಾಗಲಿ ಎಂಬುದಷ್ಟೇ ತಾತ್ಪರ್ಯ.

೪

ಇನ್ನು ಚಿಕಿತ್ಸೆಯ ಮಾತು. ಜೀನಿನ ಜ್ಞಾನವು ಇಂದು ಚಿಕಿತ್ಸೆಯನ್ನು ಎಷ್ಟರ ಮಟ್ಟಿಗೆ ಬದಲಿಸಿದೆ? ನಮಗೆ ತೋರುವಂತೆ, ಹೇಳುವಷ್ಟಿಲ್ಲ; ಆದರೆ ಇಲ್ಲವೇ ಇಲ್ಲವೆನ್ನುವಂತೆಯೂ ಇಲ್ಲ.

ಹಳೆಯ ಚಿಕಿತ್ಸೆಗಳೂ ತಮ್ಮ ರೀತಿಯಲ್ಲಿ ವ್ಯಕ್ತಿಯನ್ನು ನೋಡಿದವೇ. ದಪ್ಪವಾದ ಗೋಡೆಯು ರಕ್ತ ಹೊರಹೋಗುವ ದಾರಿಯನ್ನು ಅಡ್ಡಗಟ್ಟಿದೆಯೇ ಇಲ್ಲವೇ ಎಂಬುದನ್ನು ಎಕೋ ಪರೀಕ್ಷೆಯಿಂದ ತಿಳಿದು, ಬೀಟಾ ಬ್ಲಾಕರ್ ಅಥವಾ ವೆರಾಪಮಿಲ್ ಕೊಡುವುದು. ಸಾಲದಿದ್ದರೆ ಶಸ್ತ್ರಚಿಕಿತ್ಸೆಯಿಂದ ಗೋಡೆಯನ್ನು ತುಸು ಕೆತ್ತುವುದು, ಅಥವಾ ೧೯೯೪ರಲ್ಲಿ ಉಲ್ರಿಚ್ ಸಿಗ್‌ವಾರ್ಟ್ ಆರಂಭಿಸಿದಂತೆ ಸಣ್ಣ ರಕ್ತನಾಳಕ್ಕೆ ಆಲ್ಕೊಹಾಲ್ ಹಾಯಿಸಿ ಆ ಭಾಗವನ್ನು ಕುಗ್ಗಿಸುವುದು. ಹಠಾತ್ ಮರಣದ ಭಯವಿದ್ದವರಿಗೆ ಲಯ ತಪ್ಪಿದಾಗ ವಿದ್ಯುತ್ತಿನಿಂದ ಸರಿಪಡಿಸುವ ಐ.ಸಿ.ಡಿ. ಯಂತ್ರವನ್ನು ಮೈಯೊಳಗೆ ಇರಿಸುವುದು. ಈ ಭಯವನ್ನು ಅಳೆಯಲು ಯೂರೋಪಿನ ವೈದ್ಯರು ೨೦೧೪ರಲ್ಲಿ ಏಳು ಅಂಶಗಳ ಒಂದು ಲೆಕ್ಕವನ್ನು ಕೊಟ್ಟರು. ವಯಸ್ಸು, ಗೋಡೆಯ ದಪ್ಪ, ಮೂರ್ಛೆ ಮೊದಲಾದುವುಗಳೊಡನೆ ಕುಟುಂಬದಲ್ಲಿ ಹಠಾತ್ ಮರಣವಾಗಿದೆಯೇ ಎಂಬುದೂ ಅವುಗಳಲ್ಲಿ ಒಂದು. ಜೀನಿನ ದೋಷಕ್ಕೆ ಆ ಏಳರಲ್ಲಿ ಸ್ಥಾನವಿಲ್ಲ! ಆ ಲೆಕ್ಕವನ್ನು ಕಟ್ಟಿದುದು ಯೂರೋಪಿನ ಆರು ಕೇಂದ್ರಗಳ ೩,೬೭೫ ರೋಗಿಗಳಿಂದ ಎಂಬುದನ್ನು ನಮ್ಮವರು ಅದನ್ನು ಬಳಸುವಾಗ ನೆನೆಯಬೇಕು.

ಹೊಸ ಔಷಧಗಳಲ್ಲಿ ಮಾವಾಕಾಮ್ಟೆನ್ ಮುಖ್ಯವಾದುದು. ಹೃದಯಸ್ನಾಯುವಿನ ಅತಿಯಾದ ಬಿಗಿತವನ್ನು ಮೂಲದಲ್ಲಿಯೇ ಸಡಿಲಿಸುವ ಈ ಔಷಧವನ್ನು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೧೩ ದೇಶಗಳ ೨೫೧ ರೋಗಿಗಳ ಮೇಲೆ ನೋಡಿದರು. ಆ ದೇಶಗಳಲ್ಲಿ ಭಾರತವಿರಲಿಲ್ಲ. ೨೦೨೨ರಲ್ಲಿ ಅಮೆರಿಕ ಸರ್ಕಾರವು ಇದಕ್ಕೆ ಅನುಮತಿ ನೀಡಿತು. ರೋಗಕಾರಕ ಜೀನು ಯಾವುದೆಂದು ತಿಳಿಯದಿದ್ದರೂ ಇದನ್ನು ಕೊಡಬಹುದು. ಆದರೆ ಬೇರೊಂದು ಜೀನನ್ನು ನೋಡಬೇಕಾಗುವುದು. ಪಿತ್ತಜನಕಾಂಗದಲ್ಲಿ ಈ ಮದ್ದನ್ನು ಕರಗಿಸುವ ಸಿ.ವೈ.ಪಿ.೨ಸಿ೧೯ ಎಂಬ ಕಿಣ್ವವು ಕೆಲವರಲ್ಲಿ ಮಂದ. ಅಂಥವರ ಮೈಯಲ್ಲಿ ಮದ್ದು ಶೇಖರವಾಗಿ ಹೃದಯವೇ ಬಲಗುಂದಬಹುದು. ಆದಕಾರಣ ಯೂರೋಪಿನಲ್ಲಿ ಮೊದಲು ಈ ಜೀನನ್ನು ಪರೀಕ್ಷಿಸಿ, ಮಂದವಾಗಿದ್ದವರಿಗೆ ೨.೫ ಮಿಲಿಗ್ರಾಮಿನಿಂದಲೂ ಇತರರಿಗೆ ೫ ಮಿಲಿಗ್ರಾಮಿನಿಂದಲೂ ಆರಂಭಿಸುವ ನಿಯಮವಿದೆ. ಮಂದಕಿಣ್ವದವರ ಪ್ರಮಾಣವು ಯೂರೋಪಿನವರಿಗಿಂತ ನಮ್ಮವರಲ್ಲಿ ಹೆಚ್ಚು. ವ್ಯಕ್ತಿಗನುಗುಣವಾದ ಚಿಕಿತ್ಸೆ ಎಂಬ ಮಾತಿಗೆ ನಿಜವಾದ ಅರ್ಥ ಬಂದಿರುವುದು ಇಲ್ಲಿ. ಅದು ಬಂದುದು ಎಲ್ಲರೂ ನಿರೀಕ್ಷಿಸಿದ ಹೃದಯದ ಜೀನಿನಿಂದಲ್ಲ, ಯಾರೂ ಎಣಿಸದ ಪಿತ್ತಜನಕಾಂಗದ ಜೀನಿನಿಂದ ಎಂಬುದು ಗಮನಾರ್ಹ.

ಬೆಂಗಳೂರಿನ ಪಾಲನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುವುದು. ಜಿ.ಕೆ.ವಿ.ಕೆ. ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತ, ಮೇಲೆ ಹೇಳಿದ ದಂಡಪಾಣಿಯವರೂ ಅವರ ಸಹೋದ್ಯೋಗಿಗಳೂ ೨೦೨೧ರಲ್ಲಿ ಅಡಿಪೋನೆಕ್ಟಿನ್ ಗ್ರಾಹಕದ ಜೀನಿನಲ್ಲಿ ಹೈಪರ್‌ಟ್ರೋಫಿಕ್ ರೋಗಕ್ಕೆ ಎಡೆಗೊಡುವ ವ್ಯತ್ಯಾಸಗಳನ್ನು ಪ್ರಕಟಿಸಿದರು. ರಾಪಮೈಸಿನ್ ಎಂಬ ಹಳೆಯ ಔಷಧದಿಂದ ಆ ವಿಕಾರವನ್ನು ಪ್ರಯೋಗಶಾಲೆಯ ಮಾದರಿಗಳಲ್ಲಿ ಹಿಂದಿರುಗಿಸಬಹುದೆಂದೂ ತೋರಿಸಿದರು. ಜೀನನ್ನು ನೋಡಿ ಮದ್ದನ್ನು ಆರಿಸುವ ಮಾರ್ಗಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಪ್ರಯೋಗಶಾಲೆಗೂ ರೋಗಿಯ ಹಾಸಿಗೆಗೂ ನಡುವಣ ದೂರ ದೊಡ್ಡದು. ೨೫ ಅಕ್ಷರಗಳ ಚರಿತ್ರೆಯನ್ನು ಬಲ್ಲವರು ಇಲ್ಲಿ ಅವಸರಪಡಲಾರರು.

೫

ಕೊನೆಯದಾಗಿ ನ್ಯಾಯದ ಪ್ರಶ್ನೆ. ಆನುವಂಶಿಕ ರೋಗವೆಂಬ ಕಾರಣದಿಂದ ವಿಮೆಯ ಹಣವನ್ನು ನಿರಾಕರಿಸಬಹುದೇ ಎಂಬ ವ್ಯಾಜ್ಯವು ೨೦೧೮ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ವಿಮೆ ಮಾಡಿಸಿದವರಿಗಿದ್ದ ರೋಗ ನಾವು ಚರ್ಚಿಸುತ್ತಿರುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯೇ. ಎಲ್ಲ ಜೀನುದೋಷಗಳನ್ನೂ ಸಾರಾಸಗಟಾಗಿ ಹೊರಗಿಡುವ ಷರತ್ತು ಸಂವಿಧಾನದ ೧೪ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರು ತೀರ್ಪಿತ್ತರು. ಆ ತೀರ್ಪಿನ ವ್ಯಾಪ್ತಿಯ ಪ್ರಶ್ನೆ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಲಕ್ಷಗಟ್ಟಲೆ ಜನರಲ್ಲಿರುವ ನಿರಪಾಯವಾದ ಒಂದು ಲೋಪವನ್ನು ರೋಗವೆಂದು ಬರೆದಿಟ್ಟರೆ, ವಿಮೆಯ ಕಚೇರಿಯಲ್ಲಿಯೂ ಮದುವೆಯ ಮಾತುಕತೆಯಲ್ಲಿಯೂ ಆ ಬರಹ ಎಷ್ಟು ಅನರ್ಥ ಮಾಡಬಲ್ಲುದೆಂಬುದನ್ನು ಈ ಮೊಕದ್ದಮೆಯ ಬೆಳಕಿನಲ್ಲಿ ಊಹಿಸಬಹುದು.

ಮೇಲಿನ ಪರಿಶೀಲನೆಯಿಂದ ನಾವು ಮುಟ್ಟುವ ತೀರ್ಮಾನಗಳು ಇವು. ವ್ಯಕ್ತಿಗನುಗುಣವಾದ ಚಿಕಿತ್ಸೆಯ ಮೊದಲ ಹೆಜ್ಜೆ ದುಬಾರಿಯಾದ ಜೀನು ಪರೀಕ್ಷೆಯಲ್ಲ; ತಾಯಿಯ ಕಡೆ, ತಂದೆಯ ಕಡೆ ಎರಡನ್ನೂ ಕೂಡಿಸಿ, ಯಾರು ಯಾವ ವಯಸ್ಸಿನಲ್ಲಿ ಹೇಗೆ ತೀರಿಕೊಂಡರೆಂದು ಬರೆದ ಮೂರು ತಲೆಮಾರಿನ ವಂಶವೃಕ್ಷ. ಎರಡನೆಯದು ಇ.ಸಿ.ಜಿ. ಮತ್ತು ಎಕೋ ಪರೀಕ್ಷೆ. ಜೀನು ಪರೀಕ್ಷೆಯು ಮೂರನೆಯದು. ಅದೂ ಮೊದಲು ರೋಗವಿದ್ದವರಿಗೆ, ಅವರಲ್ಲಿ ದೋಷವು ಖಚಿತವಾದ ಮೇಲೆ ಬಂಧುಗಳಿಗೆ. ಅರ್ಧದಷ್ಟು ರೋಗಿಗಳಲ್ಲಿ ಯಾವ ಜೀನೂ ಸಿಕ್ಕದೆ ಹೋಗಬಹುದು. ಆಗಲೂ ಮೊದಲೆರಡು ಹೆಜ್ಜೆಗಳು ವ್ಯರ್ಥವಲ್ಲ.

ಈ ಮೊದಲ ಹೆಜ್ಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವುಂಟು. ಹಳೆಯ ಪೇಟೆಗೆ ಸಮೀಪದಲ್ಲಿಯೇ ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಿದೆ; ಇಂದು ಜಯನಗರದ ಬಳಿ ಬೃಹತ್ತಾಗಿ ಬೆಳೆದ ಜಯದೇವ ಹೃದ್ರೋಗ ಸಂಸ್ಥೆಯು ಆರಂಭವಾದುದು ಆ ಆವರಣದಲ್ಲಿಯೇ. ಪೇಟೆಯ ಮನೆತನಗಳ ಚರಿತ್ರೆಯನ್ನು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಯು ಅಂಗಡಿಯ ಸ್ಥಾಪಕರ ಹೆಸರನ್ನು ಕೇಳುವಾಗ, ಮನೆಯವರು ಒಪ್ಪಿದರೆ, ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಎಳೆಯರಾಗಿ ತೀರಿಕೊಂಡವರ ಸಂಗತಿಯನ್ನೂ ಕೇಳಿ ಬರೆಯಲಿ. ಆ ಬರಹದ ಒಂದು ಪ್ರತ��ಯನ್ನು ಆ ಮನೆಯವರ ಕೈಗೇ ಕೊಡಲಿ. ಗುಟ್ಟಾಗಿಡಬೇಕಾದುದನ್ನು ಗುಟ್ಟಾಗಿಟ್ಟು, ವೈದ್ಯರಿಗೆ ತೋರಿಸಬೇಕಾದುದನ್ನು ತೋರಿಸುವ ಅಧಿಕಾರ ಅವರದು. ಪೂರ್ಣವಾದ ವಂಶಾವಳಿಯಿಂದ ಇತಿಹಾಸಕ್ಕೆ ಲಾಭವಾಗುವುದೆಂಬುದು ನಮಗೆ ಹಿಂದಿನಿಂದಲೂ ಗೊತ್ತು. ಅದರಿಂದ ಒಂದು ಜೀವವೂ ಉಳಿಯಬಹುದೆಂಬುದನ್ನು ಈ ಶಾಸ್ತ್ರವು ಈಗ ತೋರಿಸಿಕೊಟ್ಟಿದೆ.